ಅಧ್ಯಕ್ಷೆಯ ಮನೆಯ ಮಹಡಿಯಲ್ಲಿ ಬಾಡಿಗೆಗೆ

ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಇದು ನಡಿಯಲ್ರಿ. ಕೇರಳದ್ದು ಐತೆ." ಅಕ್ಕಪಕ್ಕದ ಹೆಂಗಸರೆಲ್ಲ ದುಡ್ಡು ಕೊಡದೆ ಸೊನ್ನೆ ರೂಪಾಯಿಯ ಟಿಕೆಟ್ ಹಿಡಿದು ಕೂತಿದ್ದರು. ಈ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಾನು ಕನ್ನಡದವಳೇ, ಕಾಸರಗೋಡಿನವಳು ಎಂದೆ. ಅವರು ಟಿಕೆಟ್ ಹರಿಯುತ್ತ, "ಕನ್ನಡ ಭಾಳ ಚಲೋ ಮಾತಾಡ್ತೀರಿ, ಅದಕ್ಕೇನಿಲ್ಲ. ಎಲ್ಲಿ ಕಲಿತ್ರಿ?" ಎಂದರು.

ಈ ಪ್ರಶ್ನೆ ಹೇಗೆ ನಾಟಿರಬಹುದು ಎಂದು ಕಾಸರಗೋಡಿನಲ್ಲಿ ಕೂತು ಇದನ್ನು ಓದುವ ನಿಮಗೆ ವಿವರಿಸಬೇಕಾಗಿಲ್ಲ. ಅಲ್ಲಿ ಕಚೇರಿಗಳಲ್ಲಿ ಮಲಯಾಳದ ಅರ್ಜಿ ಕೈಗಿತ್ತಾಗಲೆಲ್ಲ ಕನ್ನಡದ್ದು ಕೊಡಿ ಎಂದು ಜಗಳವಾಡುತ್ತಲೇ ಬೆಳೆದವರು ನಾವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದದ ಬುಡವನ್ನು ಹುಡುಕಿ ಕೀಳುವುದನ್ನು ಕಲಿತದ್ದೂ ಅಲ್ಲಿಯೇ. ಆ ಬಸ್ಸಿನಲ್ಲಿ ಮಾತ್ರ ಕೀಳುವುದಕ್ಕೆ ಬುಡ ಸಿಗಲಿಲ್ಲ. ನಿಯಮದ ಪ್ರಕಾರ ಕಂಡಕ್ಟರ್ ಹೇಳಿದ್ದೇ ಸರಿ. ದುಡ್ಡು ಕೊಟ್ಟು ಕಿಟಕಿಯ ಕಡೆ ಮುಖ ಮಾಡಿದೆ.

ನಾನು ದಾವಣಗೆರೆಗೆ ಬಂದದ್ದು ಕಾನೂನಿನ ಸ್ನಾತಕೋತ್ತರ ಪದವಿಗೆ. ವಿಷಯ, ಸಂಸತ್ತು, ಶಾಸನಸಭೆ, ಪಂಚಾಯಿತಿಯಂಥ ಚುನಾಯಿತ ಸಭೆಗಳ ಕಾರ್ಯವಿಧಾನ. ಸಭೆ ಕರೆಯುವುದು ಹೇಗೆ, ಯಾರು ಯಾವಾಗ ಮಾತಾಡಬಹುದು, ನಿಯಮ ಮುರಿದಾಗ ಎದ್ದು ಕ್ರಿಯಾಲೋಪ ಎತ್ತುವುದು ಹೇಗೆ, ಇಂಥವು. ಕೇಳಿದವರಿಗೆ ಆಕಳಿಕೆ ಬರುತ್ತದೆ, ನನಗೆ ಮೈ ಬಿಸಿಯಾಗುತ್ತದೆ. ಮನುಷ್ಯರು ಕೈ ಮಿಲಾಯಿಸದೆ ಜಗಳವಾಡಲು ಕಂಡುಕೊಂಡ ಒಂದೇ ಉಪಾಯ ಈ ನಿಯಮಗಳು ಎಂದು ನಂಬಿದವಳು ನಾನು.

ಮೊದಲು ಪಿ.ಜೆ. ಬಡಾವಣೆಯಲ್ಲಿ ಕೋಣೆ ಹುಡುಕಿದೆ. ಬಾಡಿಗೆ ಕೇಳಿದ ಮೇಲೆ ಮನೆಯವರು "ನೀವು ಯಾವ ಪೈಕಿ?" ಎಂದು ಕೇಳುತ್ತಿದ್ದರು. ಜಾತಿ ಕೇಳುವ ಇಲ್ಲಿನ ರೀತಿ ಅದು. ನಮ್ಮಲ್ಲಿಯೂ ಕೇಳುತ್ತಾರೆ, ಮನೆತನದ ಹೆಸರು, ತರವಾಡು ಎಂದು ಸುತ್ತು ಬಳಸಿ. ಊರಂಚಿನ ಆವರಗೆರೆಯ ಹೊಸ ಮನೆಗಳಲ್ಲಿ ಇನ್ನೂ ಗಾರೆ ಹಸಿಯಾಗಿತ್ತು. ಕೊನೆಗೆ ಕಾಲೇಜಿನ ಹಿರಿಯ ಗೆಳತಿಯೊಬ್ಬಳು ದಾವಣಗೆರೆಗೂ ಹರಿಹರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ, ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಮನೆಯ ಮಹಡಿಯಲ್ಲಿ ಕೋಣೆ ಕೊಡಿಸಿದಳು. ಹಳ್ಳಿಯ ಹೆಸರು ಬರೆಯುವುದಿಲ್ಲ. ಮುಂದೆ ಓದಿದರೆ ಕಾರಣ ತಿಳಿಯುತ್ತದೆ.

ಅಧ್ಯಕ್ಷೆಯ ಹೆಸರು ಗಿರಿಜಮ್ಮ. ನಾನು ಗಿರಿಜಕ್ಕ ಎನ್ನುತ್ತೇನೆ, ಅವರು ನನ್ನನ್ನು ಲಾಯರಮ್ಮ ಎಂದು ಕಾಡುತ್ತಾರೆ. ಅವರ ಗಂಡ ಬಸವರಾಜಣ್ಣ ಕರೂರು ಕೈಗಾರಿಕಾ ಪ್ರದೇಶದಲ್ಲಿ ಅಕ್ಕಿ ಗಿರಣಿಯ ಬಿಡಿಭಾಗ ಮಾಡುವ ಒಂದು ಲೇತ್ ಘಟಕ ನಡೆಸುತ್ತಾರೆ. ಊಟ ಅವರ ಮನೆಯದೇ. ನಮ್ಮ ಗುಳಿಯಪ್ಪ ಇಲ್ಲಿ ಪಡ್ಡು ಆಗಿದೆ. ರೊಟ್ಟಿಗೆ ಹಲ್ಲು ಒಗ್ಗಿತು, ಖಾರಕ್ಕೆ ಕಣ್ಣು ಒಗ್ಗಲಿಲ್ಲ. ಸುತ್ತ ಎಲ್ಲಿ ನೋಡಿದರೂ ಕಾಲುವೆ ನೀರಿನ ಭತ್ತದ ಗದ್ದೆ, ಆದರೆ ಕುಚ್ಚಲಕ್ಕಿ ಕೇಳಿದರೆ "ಆ ಕೆಂಪಕ್ಕಿ ಯಾರು ತಿಂತಾರವ್ವ, ಜ್ವರ ಬಂದೋರಾ?" ಎಂದು ಗಿರಿಜಕ್ಕ ನಗುತ್ತಾರೆ. ನಾನು "ಉಂಟು" ಎಂದಾಗಲೆಲ್ಲ ಅವರ ಕಣ್ಣು ಅರಳುತ್ತದೆ. ಒಮ್ಮೆ ಆಟೋದವರಿಗೆ "ಚಿಲ್ಲರೆ ಐತೆ" ಎಂದೆ. ಅವರು ನನ್ನ ಊರು ಯಾವುದೆಂದು ಕೇಳಲಿಲ್ಲ. ಆ ದಿನ ಬೀಗಿದೆ, ಮಾರನೆಯ ದಿನ ಏನನ್ನೋ ಕದ್ದವಳಂತೆ ಕಸಿವಿಸಿಯಾಯಿತು.

ನಿಜವಾಗಿ ಒಂಟಿತನ ಕಾಡಿದ್ದು ಪಂಚಾಯಿತಿ ಸಭೆಯಲ್ಲಿ. ಗಿರಿಜಕ್ಕನ ಅನುಮತಿ ಪಡೆದು ಸಾಮಾನ್ಯ ಸಭೆ ನೋಡಲು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಪಿ.ಡಿ.ಒ. ಅಂದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಉದ್ದದ ವಿಷಯ ಸೂಚಿ ಹಿಡಿದು ಓದುತ್ತ ಹೋದರು. ಪ್ರತಿ ವಿಷಯಕ್ಕೂ ಸದಸ್ಯರು "ಪಾಸ್, ಪಾಸ್" ಎಂದರು. ಚಹಾ ತಣ್ಣಗಾಗುವ ಮೊದಲು ಸಭೆ ಮುಗಿದಿತ್ತು. ನಮ್ಮ ಕಡೆ ಇಷ್ಟು ಹೊತ್ತಿಗೆ ಒಬ್ಬರು ಸಭಾತ್ಯಾಗ ಮಾಡಿ, ಇನ್ನೊಬ್ಬರು ತಮ್ಮ ಭಿನ್ನಮತವನ್ನು ಬರೆದುಕೊಡುವ ವಿಯೋಜನ ಕುರಿಪ್ಪು ಕೊಟ್ಟು, ಹೊರಗೆ ಎರಡು ಬಣ್ಣದ ಬಾವುಟಗಳು ಬಂದಿರುತ್ತಿದ್ದವು. ಇದೆಂಥ ಪ್ರಜಾಪ್ರಭುತ್ವ ಎಂದು ಮುಖ ಸಿಂಡರಿಸಿಕೊಂಡು ಬಂದೆ.

ಮುಂದಿನ ತಿಂಗಳು ಗೊತ್ತಾಯಿತು. ಸಭೆಯ ಹಿಂದಿನ ಸಂಜೆ ಸದಸ್ಯರು ಗಿರಿಜಕ್ಕನ ಮನೆಯ ಕಟ್ಟೆಗೆ ಬರುತ್ತಾರೆ. ಪೇಪರಿನ ಮೇಲೆ ಸುರಿದ ಮಂಡಕ್ಕಿಯ ಸುತ್ತ ಕೂತು, ಯಾವ ಓಣಿಗೆ ಎಷ್ಟು, ಯಾರ ವಿಷಯ ಮುಂದಿನ ಸಲಕ್ಕೆ ಎಂದು ಕೂಗಾಡುತ್ತಾರೆ. ಹೆಂಗಸರು ಸದಸ್ಯರಾಗಿರುವ ಕಡೆ ಅವರ ಗಂಡಂದಿರೂ ಕೂಗಾಡುತ್ತಾರೆ. ನಾನು ಹುಡುಕುತ್ತಿದ್ದ ಚರ್ಚೆ ನನ್ನ ಕೋಣೆಯ ಕೆಳಗೇ ನಡೆಯುತ್ತಿತ್ತು. ಅದಕ್ಕೆ ಯಾವ ನಿಯಮವೂ ಇರಲಿಲ್ಲ, ಮಾರನೆಯ ದಿನ ನಡಾವಳಿಯಲ್ಲಿ ಅದರ ಒಂದು ಸಾಲೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಿರಿಜಕ್ಕ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಲಾಯರಮ್ಮ, ಒಂದ್ ಮಾತು ಕೇಳ್ತೀನಿ. ಬಾಯಿಗೆ ಬಂದಂಗೆ ಹೇಳಬ್ಯಾಡ, ಬುಕ್ಕಿನ್ಯಾಗೆ ಇದ್ದಂಗೆ ಹೇಳು."

"ಕೇಳಿ ಅಕ್ಕ."

"ಅರ್ಧ ಅವಧಿ ಆದಮ್ಯಾಲೆ ಕುರ್ಚಿ ಬಿಡ್ತೀನಿ ಅಂತ ಮಾತು ಕೊಟ್ಟು ಅಧ್ಯಕ್ಷರಾಗಿದ್ರೆ, ಕಾನೂನಿನ್ಯಾಗೆ ಬಿಡಲೇಬೇಕಾ?"

ಪತ್ರಿಕೆಗಳಲ್ಲಿ ಇದನ್ನು ಒಳ ಒಪ್ಪಂದ ಎಂದು ಬರೆಯುತ್ತಾರೆ. ಯಾರಿಗೂ ಪೂರ್ತಿ ಬಹುಮತ ಇಲ್ಲದಾಗ ಎರಡು ಗುಂಪಿನವರು ಹಿರಿಯರೊಬ್ಬರ ಮನೆಯಲ್ಲಿ ಕೂತು ಅವಧಿಯನ್ನು ಪಾಲು ಮಾಡಿಕೊಳ್ಳುತ್ತಾರೆ. ಮೊದಲರ್ಧ ಒಬ್ಬರು ಅಧ್ಯಕ್ಷರು, ಆಮೇಲೆ ರಾಜೀನಾಮೆ ಕೊಟ್ಟು ಇನ್ನೊಬ್ಬರಿಗೆ ದಾರಿ. ಎಲ್ಲಿಯೂ ಬರೆಯುವುದಿಲ್ಲ. ಕೈ ಮೇಲೆ ಕೈ ಇಟ್ಟು ಮಾತು ಕೊಡುತ್ತಾರೆ, ಅಷ್ಟೇ.

ನಾನು ಚರ್ಚಾಸ್ಪರ್ಧೆಯ ವೇದಿಕೆಗೆ ಹತ್ತಿದಂತೆ ಉತ್ತರಿಸಿದೆ. ಕಾನೂನಿಗೆ ಇಂಥ ಒಪ್ಪಂದ ಗೊತ್ತೇ ಇಲ್ಲ. ಆಯ್ಕೆಯಾದ ಅಧ್ಯಕ್ಷೆ ಅವಧಿ ಮುಗಿಯುವವರೆಗೂ ಅಧ್ಯಕ್ಷೆ. ಇಳಿಸಬೇಕೆಂದರೆ ಅವಿಶ್ವಾಸ ಮಂಡಿಸಿ ಗೆಲ್ಲಬೇಕು. ಸಾರ್ವಜನಿಕ ಹುದ್ದೆಯನ್ನು ಮನೆಯ ಜಗಲಿಯಲ್ಲಿ ಹಂಚುವ ಅಧಿಕಾರ ಯಾರಿಗೂ ಇಲ್ಲ. "ನೀವು ಬಿಡಬೇಕಾಗಿಲ್ಲ ಅಕ್ಕ" ಎಂದು ಮುಗಿಸಿದೆ.

ಗಿರಿಜಕ್ಕ ತೊಟ್ಟು ಮುರಿಯುವುದನ್ನು ನಿಲ್ಲಿಸಿದ್ದರು. "ಶಾಲಿ ಓಣಿ ಚರಂಡಿ ಅರ್ಧ ಅಗೆದು ಬಿಟ್ಟಾರೆ. ನಾ ಇಳಿದ್ರೆ ಹೊಸ ಅಧ್ಯಕ್ಷರ ಎಲೆಕ್ಷನ್ ಆಗೋ ತನಕ ಆ ಗುತ್ತಿಗೆದಾರ ಈ ಕಡೆ ತಲಿ ಹಾಕಲ್ಲ. ಮಕ್ಳು ಹಲಗಿ ಮ್ಯಾಲೆ ದಾಟ್ತಾವೆ" ಎಂದರು. ಅವರಿಗೆ ಕುರ್ಚಿಯ ಮೇಲೆ ಆಸೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಚರಂಡಿ ನೆಪವಾಗಿರಲಿಲ್ಲ. ದಿನಾ ಬೆಳಿಗ್ಗೆ ಆ ಹಲಗೆಯ ಪಕ್ಕ ನಿಂತು ಮಕ್ಕಳನ್ನು ದಾಟಿಸುತ್ತಿದ್ದವರು ಅವರು.

ನನ್ನ ಉತ್ತರವನ್ನು ಬಸವರಾಜಣ್ಣ ಒಳಗಿನಿಂದ ಕೇಳಿಸಿಕೊಂಡಿದ್ದರು. ಮಾರನೆಯ ದಿನ ಹಾಲು ತರಲು ಹೋದರೆ, ಡೇರಿಯಲ್ಲಿ ನಿಂತಿದ್ದವರು "ಬಿಡಬೇಕಂತಿಲ್ಲ ಅಂತ ಲಾಯರಮ್ಮ ಹೇಳ್ಯಾಳಂತಲ್ಲ" ಎಂದು ನನ್ನ ಮುಖಕ್ಕೇ ಹೇಳಿದರು. ನನ್ನ ವಾದ ಇಷ್ಟು ಬೇಗ ಊರು ಸುತ್ತಿದ್ದು ಅದೇ ಮೊದಲು. ಚಿಲ್ಲರೆ ಮರೆತು ಹಾಲು ಹಿಡಿದು ಬಂದುಬಿಟ್ಟೆ.

ಅದೇ ವಾರ ಶಮೀಮ್ ಬಾನು ಮೆಟ್ಟಿಲು ಹತ್ತಿ ಬಂದರು. ಗಿರಿಜಕ್ಕ ಮಾತು ಕೊಟ್ಟದ್ದು ಈ ಸದಸ್ಯೆಗೆ. ಇನ್ನರ್ಧ ಅವಧಿಯ ಅಧ್ಯಕ್ಷೆ ಆಗಬೇಕಾದವರು ಅವರು. ಹರಿಹರದ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಕೂರಿ ಎಂದೆ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು.

"ನೀವು ಹೇಳಿದ್ದು ಖರೇನಾ ಮೇಡಂ?"

"ಖರೆ ಶಮೀಮಕ್ಕ. ನೀವು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ."

"ನನಗೂ ಗೊತ್ತಿತ್ರಿ. ಕಾನೂನಿನ್ಯಾಗೆ ಇದ್ದಿದ್ರೆ ಆಕಿ ಜಬಾನ್ ಯಾಕ ಕೇಳ್ತಿದ್ವಿ? ನಮ್ಮ ಕಡೆಯೋರು ಓಟು ಹಾಕಿದ್ದು ಆಕಿ ಕೊಟ್ಟ ಮಾತಿನ ಮ್ಯಾಲೆ. ಓಟು ನಡೀತತೆ, ಮಾತು ನಡಿಯಲ್ಲ ಅಂದ್ರೆ ಹೆಂಗೆ?"

ನಾನು ಬಿಟ್ಟುಕೊಡಲಿಲ್ಲ. "ಊರು ನಿಮ್ಮಿಬ್ಬರ ಆಸ್ತಿಯಾ ಅಕ್ಕ, ಅರ್ಧರ್ಧ ಪಾಲು ಮಾಡಿಕೊಳ್ಳುವುದಕ್ಕೆ? ಒಬ್ಬರು ಕೆಲಸ ಕಲಿಯುವಷ್ಟರಲ್ಲಿ ಇನ್ನೊಬ್ಬರು ಬಂದರೆ ಊರಿನ ಗತಿ ಏನು?"

ಶಮೀಮಕ್ಕ ನಕ್ಕರು, ಸಿಟ್ಟಿನಿಂದ ಅಲ್ಲ. "ಪಾಲು ಮಾಡಿಕೊಳ್ಳದಿದ್ರೆ ನಮ್ಮ ಓಣಿಯಾಕಿ ಆ ಕುರ್ಚಿ ಮ್ಯಾಲೆ ಯಾವಾಗ ಕೂಡಬೇಕ್ರಿ? ನಾವಿರೋದು ನಾಕು ಮನಿ. ಲೆಕ್ಕ ಹಾಕಿ ಗೆಲ್ಲೋ ಹಂಗಿದ್ರೆ ನಿಮ್ಮ ಕಾನೂನೇ ಸಾಕಿತ್ತು."

ಚಹಾ ಮಾಡುತ್ತೇನೆ ಎಂದೆ. "ಬ್ಯಾಡ್ರಿ, ಅಂಗಡಿ ತೆಗಿಬೇಕು" ಎಂದು ಇಳಿದು ಹೋದರು.

ಸಂಜೆ ಊರಿಗೆ ಫೋನು ಮಾಡಿ ಅಣ್ಣನಿಗೆ ಎಲ್ಲ ಹೇಳಿದೆ, ನಮ್ಮಲ್ಲಿ ಇಂಥ ಕಳ್ಳ ಒಪ್ಪಂದ ನಡೆಯಲು ಬಿಡುತ್ತಾರಾ ಎಂದು ಕೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಎಂತ ಮಾರಾಯ್ತಿ, ನಮ್ಮಲ್ಲಿಯೂ ಉಂಟಲ್ಲ. ಒಂದೇ ಕೂಟದ ಎರಡು ಪಕ್ಷದವರು ಅವಧಿ ಹಂಚಿಕೊಳ್ಳುವುದು ನಿನಗೆ ಗೊತ್ತಿಲ್ಲವಾ? ಅಲ್ಲಿ ಕಟ್ಟೆಯಲ್ಲಿ ಮಾಡ್ತಾರೆ, ಇಲ್ಲಿ ಪಕ್ಷದ ಆಫೀಸಿನಲ್ಲಿ." ಊರನ್ನು ದೊಡ್ಡದು ಮಾಡಿ ಇಲ್ಲಿಯದನ್ನು ಅಳೆಯುತ್ತಿದ್ದ ನನ್ನ ಕೋಲು ಅಲ್ಲಿಗೆ ಮುರಿಯಿತು. ಇದನ್ನು ಓದುತ್ತಿರುವ ನೀವೂ ನಗುತ್ತಿರಬಹುದು.

ಕೆಲವು ದಿನಗಳ ನಂತರ, ಒಪ್ಪಿಕೊಂಡಿದ್ದ ಅರ್ಧ ಅವಧಿ ಮುಗಿದಾಗ, ಗಿರಿಜಕ್ಕ ಯಾರಿಗೂ ಹೇಳದೆ ನನ್ನನ್ನು ಕರೆದುಕೊಂಡು ದಾವಣಗೆರೆಯ ಎ.ಸಿ. ಆಫೀಸಿಗೆ, ಅಂದರೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋದರು. ಅಧ್ಯಕ್ಷರು ರಾಜೀನಾಮೆ ಕೊಡಬೇಕಾದ್ದು ಅಲ್ಲಿ. "ಕಾನೂನು ಏನರ ಇರ್ಲಿ, ಮಾತು ಕೊಟ್ಟಾಕಿ ನಾನು" ಎನ್ನುತ್ತ ಪತ್ರ ಕೊಟ್ಟು ಸ್ವೀಕೃತಿ ಪಡೆದರು. ಮೆಟ್ಟಿಲು ಇಳಿಯುವಾಗ "ಇದನ್ನ ವಾಪಸ್ ತಗಳ್ಳಾಕೆ ಬರ್ತತಾ?" ಎಂದು ಕೇಳಿದರು.

ಬರುತ್ತದೆ. ರಾಜೀನಾಮೆ ಕೊಟ್ಟ ಕೂಡಲೇ ಜಾರಿಯಾಗುವುದಿಲ್ಲ. ಕಾನೂನು ಕೆಲವು ದಿನಗಳ ಅವಕಾಶ ಕೊಟ್ಟಿದೆ. ಅಷ್ಟರೊಳಗೆ ಬರೆದು ಕೊಟ್ಟರೆ ಹಿಂದಕ್ಕೆ ಪಡೆಯಬಹುದು. ಅವಸರದಲ್ಲಿ, ಒತ್ತಾಯದಲ್ಲಿ ಕೊಟ್ಟವರಿಗೆ ರಕ್ಷಣೆ ಇರಲೆಂದು ಮಾಡಿದ ನಿಯಮ. ಅದನ್ನು ಹೇಳಿದೆ. ಗಿರಿಜಕ್ಕ ಸ್ವೀಕೃತಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು.

ರಾಜೀನಾಮೆಯ ಸುದ್ದಿ ಮಾರನೆಯ ದಿನವೇ ಊರು ಸೇರಿತ್ತು, ಆ ದಿನಗಳು ಹೇಗೆ ಕಳೆದವೋ ತಿಳಿಯದು. ಮಾತು ಉಳಿಸಿಕೊಂಡಂತೆ ಊರಿಗೆ ತೋರಿಸಿ, ಒಳಗಿಂದೊಳಗೆ ಹಿಂದಕ್ಕೆ ಪಡೆದುಕೊಂಡ ಅಧ್ಯಕ್ಷರು ಈ ಸೀಮೆಯಲ್ಲಿ ಹಿಂದೆ ಇದ್ದರಂತೆ. ಶಮೀಮಕ್ಕನ ಕಡೆಯವರು ಬಸ್ಸಿಗೆ ಕಾಯುವಾಗ ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಪುಸ್ತಕ ಮುಚ್ಚಿ ಬಾಗಿಲ ಕಡೆ ನೋಡುತ್ತಿದ್ದೆ. ಕೊನೆಗೆ ಬಂದವರು ಬಸವರಾಜಣ್ಣ.

"ಮೇಡಂ, ವಾಪಸ್ ತಗಳ್ಳೋ ಲೆಟರ್ ಒಂದು ಬರ್ದು ಕೊಡ್ರಿ. ಸಹಿ ನಾನು ಮಾಡ್ಸಿಕಂತೀನಿ."

"ಅಧ್ಯಕ್ಷರು ಹೇಳಿದರೆ ಬರೆದುಕೊಡುತ್ತೇನೆ ಅಣ್ಣ. ಅಧ್ಯಕ್ಷರ ಯಜಮಾನರು ಹೇಳಿದರೆ ಬರೆಯಲಾರೆ."

ಅವರ ಮುಖ ಕೆಂಪಾಯಿತು. "ಬಿಡಬೇಕಂತಿಲ್ಲ ಅಂದೋರು ನೀವೇ. ಈಗ ಬರಿಯಲ್ಲ ಅನ್ನೋರೂ ನೀವೇ. ನೀವು ಯಾರ ಕಡೆ ಅದೀರಿ?"

"ಯಾರ ಕಡೆಯೂ ಅಲ್ಲ."

"ಹಂಗಿರಾಕೆ ಪಿ.ಜೆ. ಬಡಾವಣ್ಯಾಗೆ ರೂಮ್ ಹಿಡಿಬೇಕಿತ್ತು. ಇಲ್ಲಿ ಕೆಳಗಿನ ಮನ್ಯಾಗೆ ಉಣ್ಣೋರಿಗೆ ಹಂಗೆ ನಡಿಯಲ್ಲ." ಇಳಿದು ಹೋದರು. ಆ ರಾತ್ರಿ ನಾನು ಊಟಕ್ಕೆ ಇಳಿಯಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಎಲ್ಲಿಗೆ ಹೋಗುವುದೆಂದು ತೋಚದೆ, ಅರ್ಧ ತೆಗೆದಿಟ್ಟೆ.

ಆ ನಡುವೆಯೇ ಮೊದಲೇ ಗೊತ್ತಾಗಿದ್ದ ಸಾಮಾನ್ಯ ಸಭೆ ಬಂತು. ರಾಜೀನಾಮೆ ಇನ್ನೂ ಜಾರಿಯಾಗಿರಲಿಲ್ಲವಾದ್ದರಿಂದ ಗಿರಿಜಕ್ಕನೇ ಅಧ್ಯಕ್ಷತೆ ವಹಿಸಿದರು. ಹಿಂದಿನ ಸಂಜೆ ಕಟ್ಟೆಗೆ ಯಾರೂ ಬಂದಿರಲಿಲ್ಲ. ಹಾಗಾಗಿ ಸಭೆಯಲ್ಲಿ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಪಿ.ಡಿ.ಒ. ಬೆವರುತ್ತಿದ್ದರು.

"ಶಾಲಿ ಓಣಿ ಚರಂಡಿ ಮುಗಿಯೋ ತನಕ ಕೆಲಸ ನಿಲ್ಲಿಸಂಗಿಲ್ಲ ಅಂತ ಬರೀರಿ" ಎಂದರು ಗಿರಿಜಕ್ಕ.

ಶಮೀಮಕ್ಕ ಎದ್ದು ನಿಂತರು. "ಅಧ್ಯಕ್ಷರೆ, ಮುಂದೆ ಬರೋ ಅಧ್ಯಕ್ಷರ ಕೈನ ಈಗ್ಲೇ ಕಟ್ಟಾಕ್ತೀರಾ?"

"ಕೈ ಕಟ್ಟಲ್ಲವ್ವ. ಮಕ್ಳು ಬೀಳ್ತಾವೆ ಅಂತ ಹೇಳ್ತೀನಿ."

"ನಮ್ಮ ಓಣ್ಯಾಗೂ ಮಕ್ಳು ಅದಾವೆ. ಅಲ್ಲಿ ಚರಂಡಿನೇ ಇಲ್ಲ, ಬೀಳಾಕೆ."

ಸಭೆ ನಕ್ಕಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಳಿಯುತ್ತಿರುವವರು ಮುಂದೆ ಬರುವವರನ್ನು ನಿರ್ಣಯದಿಂದ ಕಟ್ಟಿಹಾಕಬಹುದೇ ಎಂಬುದು ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ. ಉತ್ತರ ನಾಲಿಗೆಯ ತುದಿಯಲ್ಲಿತ್ತು. "ಲಾಯರಮ್ಮನ್ನ ಕೇಳನ" ಎಂದರು ಯಾರೋ. ಎಲ್ಲರೂ ತಿರುಗಿದರು.

ಎದ್ದು ನಿಂತೆ. "ಸಭೆಯಲ್ಲಿ ಸದಸ್ಯರು ಮಾತ್ರ ಮಾತಾಡಬೇಕು. ನಾನು ಸದಸ್ಯೆಯಲ್ಲ."

"ಮನ್ಯಾಗೆ ಕೂತು ಹೇಳಾಕೆ ಬಾಯಿತ್ತು. ಇಲ್ಲಿ ಹೋತಾ?" ಎಂದು ಒಬ್ಬ ಹಿರಿಯ ಸದಸ್ಯರು ಕುಟುಕಿದರು.

ಅವರ ಮಾತು ಸರಿಯಾಗಿತ್ತು, ನನ್ನದೂ ಸರಿಯಾಗಿತ್ತು. ಕೂತುಬಿಟ್ಟೆ. ಬೇರೆ ದಾರಿಯಿಲ್ಲದೆ ಅವರೇ ಬಗೆಹರಿಸಿಕೊಳ್ಳಬೇಕಾಯಿತು. ಊಟದ ಹೊತ್ತು ಮೀರಿದ ಮೇಲೆ ಒಂದು ನಿರ್ಣಯ ಹೊರಬಿತ್ತು. ಶಾಲೆಯ ಓಣಿಯ ಕೆಲಸ ಮುಂದುವರಿಯಬೇಕು, ಮುಂದಿನ ಕ್ರಿಯಾಯೋಜನೆಯಲ್ಲಿ ಶಮೀಮಕ್ಕನ ಓಣಿಯ ಚರಂಡಿಯೂ ಸೇರಬೇಕು. ಸೂಚಕರು ಯಾರೆಂದು ಪಿ.ಡಿ.ಒ. ಕೇಳಿದಾಗ ಗಿರಿಜಕ್ಕನ ಕಡೆಯವರೊಬ್ಬರು ಕೈ ಎತ್ತಿದರು. ಅನುಮೋದಕರು ಯಾರೆಂದಾಗ ಶಮೀಮಕ್ಕ, "ನನ್ನ ಹೆಸರು ಬರ್ಕಳ್ರಿ" ಎಂದರು.

ರಾಜೀನಾಮೆ ಎ.ಸಿ. ಆಫೀಸಿನಲ್ಲೇ ಇತ್ತು. ಹಿಂಪಡೆಯಲು ಇನ್ನೂ ಸಮಯವಿತ್ತು.

ಅವಕಾಶದ ಕೊನೆಯ ದಿನ ಗಿರಿಜಕ್ಕ ಬೆಳಿಗ್ಗೆಯಿಂದ ಚರಂಡಿಯ ಹತ್ತಿರವೇ ಇದ್ದರು. ಅವರನ್ನು ದಾವಣಗೆರೆಗೆ ಕರೆದೊಯ್ಯಲು ಬಸವರಾಜಣ್ಣ ಬೈಕಿನಲ್ಲಿ ಎರಡು ಸಲ ಬಂದು ಹೋದರು. ನಾನು ಕಾಲೇಜಿಗೆ ಹೋಗದೆ ಮಹಡಿಯ ಕಂಬಿ ಹಿಡಿದು ನಿಂತಿದ್ದೆ. ಅವರು ಮಾತು ಉಳಿಸಿಕೊಳ್ಳಲಿ ಎಂದು ಬಯಸಿದೆನೇ, ಕುರ್ಚಿ ಉಳಿಸಿಕೊಳ್ಳಲಿ ಎಂದೇ? ಎರಡೂ ಕಡೆಯಿಂದ ವಾದಿಸಬಲ್ಲವಳಾಗಿದ್ದೆ. ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಕಚೇರಿ ಮುಚ್ಚುವ ಹೊತ್ತು ದಾಟಿದ ಮೇಲೆ ಗಿರಿಜಕ್ಕ ಬಂದು ಮೆಟ್ಟಿಲ ಮೇಲೆ ಕೂತರು. ಕಾಲಿಗೆ ಮಣ್ಣು ಮೆತ್ತಿತ್ತು.

"ಆಫೀಸ್ ಬಾಗ್ಲು ಹಾಕಿರ್ತಾರಲ್ಲ ಈಗ?"

"ಹಾಕಿರುತ್ತಾರೆ ಅಕ್ಕ."

"ಇನ್ನ ಬೇಕಂದ್ರೂ ಬರಲ್ಲ?"

"ಬರಲ್ಲ."

"ಹಂಗಾದ್ರೆ ಆತು." ಕಾಲಿನ ಮಣ್ಣನ್ನು ಕಡ್ಡಿಯಿಂದ ಕೆರೆದರು. "ಹೊಟ್ಟಿ ಉರೀತತೆ ಲಾಯರಮ್ಮ, ಸುಳ್ಳು ಯಾಕ ಹೇಳ್ಲಿ. ನಾಳೆ ಆಕಿ ಆ ಕುರ್ಚಿ ಮ್ಯಾಲೆ ಕೂಡೋದು ನೋಡಬೇಕು." ಆಮೇಲೆ ಎದ್ದು, "ಉಣ್ಣಾಕೆ ಬಾ. ನಮ್ಮ ಮನಿಯೋರ ಮಾತಿಗೆ ತಲಿ ಕೆಡಿಸ್ಕಬ್ಯಾಡ, ಮನಿ ನಂದೂ ಐತೆ" ಎಂದರು. ಕೆಳಗೆ ಬಸವರಾಜಣ್ಣ ನನ್ನ ಮುಖ ನೋಡದೆ ರೊಟ್ಟಿಯ ಬುಟ್ಟಿಯನ್ನು ಮಾತ್ರ ಈ ಕಡೆ ಸರಿಸಿದರು.

ಒಪ್ಪಂದಗಳ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಜಗಲಿಯಲ್ಲಿ ಹಂಚಿಕೆಯಾದ ಹುದ್ದೆ ಜನರದ್ದಾಗಿ ಉಳಿಯುವುದಿಲ್ಲ. ಅದನ್ನು ಪ್ರಬಂಧದಲ್ಲಿ ಬರೆಯುತ್ತೇನೆ. ನಾಕು ಮನೆಯವರು ಯಾವಾಗ ಗೆಲ್ಲಬೇಕು ಎಂಬ ಪ್ರಶ್ನೆಯನ್ನೂ ಬರೆಯುತ್ತೇನೆ. ಅದಕ್ಕೆ ಮೂಲ ಏನು, ಯಾವ ಪುಟ ಎಂದು ಮಾರ್ಗದರ್ಶಕರು ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಶಮೀಮಕ್ಕ ಅಧ್ಯಕ್ಷೆಯಾದ ಮೇಲಿನ ಒಂದು ಭಾನುವಾರ ಮತದಾರರ ಪಟ್ಟಿ ಪರಿಷ್ಕರಣೆಗೆಂದು ಅಂಗನವಾಡಿ ಶಿಕ್ಷಕಿ ಮನೆಗೆ ಬಂದರು. ಮಹಡಿಯ ಮೇಲೆ ಯಾರಿದ್ದಾರೆ ಎಂದು ಕೇಳಿದರು. ಗಿರಿಜಕ್ಕ ನನ್ನನ್ನು ಕೂಗಿ, "ನಿನ್ನ ಹೆಸರು ಇಲ್ಲಿ ಹಾಕ್ಸನೇನು? ಮುಂದಿನ ಸಲ ನಾ ನಿಂತ್ರೆ ಒಂದು ಓಟಾದ್ರೂ ಗ್ಯಾರಂಟಿ" ಎಂದು ನಕ್ಕರು. ಹಿಂದಿನ ದಿನವಷ್ಟೇ ಅಣ್ಣ ಊರಿನಿಂದ ಫೋನು ಮಾಡಿದ್ದ. ಇಲ್ಲಿಯೂ ಪಟ್ಟಿ ನೋಡುತ್ತಿದ್ದಾರೆ, ನೀನು ಇಲ್ಲಿಯವಳೇ ಎಂದು ಹೇಳಿದ್ದೇನೆ, ಸುಳ್ಳಾಗದಿರಲಿ ಎಂದಿದ್ದ.

ಒಬ್ಬರ ಹೆಸರು ಒಂದೇ ಕಡೆ ಇರಬೇಕು. ನೀವು ಸಾಮಾನ್ಯವಾಗಿ ವಾಸಿಸುವುದು ಎಲ್ಲಿ ಎಂದಷ್ಟೇ ಕಾನೂನು ಕೇಳುತ್ತದೆ. ಅದರ ವ್ಯಾಖ್ಯಾನ, ಅಪವಾದ ಎಲ್ಲ ನನಗೆ ಗೊತ್ತು. ಎರಡು ಊರಿನ ಪರವಾಗಿಯೂ ಗೆಲ್ಲುವ ವಾದ ಕಟ್ಟಬಲ್ಲೆ. ಶಿಕ್ಷಕಿ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಮೆಟ್ಟಿಲ ನಡುವೆಯೇ ನಿಂತಿದ್ದೆ.

"ಮುಂದಿನ ಮನಿಗೆ ಹೋಗ್ರಿ ಟೀಚರ್" ಎಂದರು ಗಿರಿಜಕ್ಕ. "ಆಕಿ ಇನ್ನಾ ನಮಗೆ ಮಾತು ಕೊಟ್ಟಿಲ್ಲ."